ಸೀಸ ಸಿಕ್ಕಿದ್ದು ಹೇಗೆ ಅಂತ ಬರೆಯಿರಿ

ಪ್ರಿಯರೇ,

ಉಡುಪಿಯ ಬಾವಿ ನೀರಿನಲ್ಲಿ ಸೀಸ ಹುಡುಕುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ವಿಷಯವೂ ನಮ್ಮ ಓದುಗರಿಗೆ ಬೇಕಾದದ್ದೇ. ಆದರೆ ಎರಡು ಸಾಲು ಓದಿ ನನಗೆ ಸಿಟ್ಟೇ ಬಂತು.

"ನೀರಿಗೆ ವಿದ್ಯುತ್ ಹಾಯಿಸಿದಾಗ ಯಂತ್ರವು ಸೀಸದ ಪ್ರಮಾಣವನ್ನು ತಿಳಿಸುತ್ತದೆ" ಎಂದು ಬರೆದಿದ್ದೀರಿ. ಇಡೀ ಪ್ರಯೋಗವೇ ಮಾಯ! ಸೀಸ ಹುಡುಕುವ ಈ ವಿಧಾನದಲ್ಲಿ, ಅಂದರೆ ಸ್ಟ್ರಿಪ್ಪಿಂಗ್ ವೋಲ್ಟಾಮೆಟ್ರಿಯಲ್ಲಿ, ಮೊದಲು ಕಾಯಬೇಕು. ನೀರಿನಲ್ಲಿ ಮುಳುಗಿಸಿದ ಎಲೆಕ್ಟ್ರೋಡನ್ನು (ವಿದ್ಯುತ್ ಹಾಯುವ ಕಡ್ಡಿ), ಬೆಳ್ಳಿ-ಬೆಳ್ಳಿ ಕ್ಲೋರೈಡ್ ಎಲೆಕ್ಟ್ರೋಡಿಗೆ ಹೋಲಿಸಿ, ಮೈನಸ್ 1 ವೋಲ್ಟಿನ ಆಸುಪಾಸಿನಲ್ಲಿ ಇಟ್ಟು, ನೀರು ಕಲಕುತ್ತಾ ಕೆಲವು ನಿಮಿಷ ಬಿಡುತ್ತೇವೆ. ಚದುರಿದ್ದ ಸೀಸದ ಅಯಾನುಗಳು ಲೋಹವಾಗಿ ಎಲೆಕ್ಟ್ರೋಡಿನ ಮೇಲೆ ಬಂದು ಕೂರುತ್ತವೆ. ಆಮೇಲೆ ಕಲಕುವುದು ನಿಲ್ಲಿಸಿ ವೋಲ್ಟೇಜನ್ನು ಪ್ಲಸ್ ಕಡೆಗೆ ಏರಿಸಿದರೆ, ಕೂತ ಸೀಸವೆಲ್ಲ ಒಮ್ಮೆಲೇ ಕರಗುತ್ತದೆ. ಆಗ ಕರೆಂಟ್ ಜಿಗಿಯುತ್ತದೆ, ಗ್ರಾಫಿನಲ್ಲಿ ಅದೇ ಶಿಖರವಾಗಿ ಕಾಣುತ್ತದೆ. ನಮ್ಮಲ್ಲಿ ಕುಡಿಯುವ ನೀರಿಗಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅಷ್ಟು ಕಡಿಮೆ ಸೀಸವೂ ಸಿಕ್ಕಿಬೀಳುವುದು ಹೀಗೆ ಒಟ್ಟು ಮಾಡಿದ್ದರಿಂದಲೇ. ಇದನ್ನು ಬಿಟ್ಟರೆ ಓದುಗರ ಕೈಯಲ್ಲಿ ಉಳಿಯುವುದು ಸುಮ್ನೆ ಒಂದು ಪೆಟ್ಟಿಗೆ.

ಇನ್ನೊಂದು ಸಾಲು: "−0.45 ವೋಲ್ಟಿನಲ್ಲಿ ಶಿಖರ ಕಂಡಿತು, ಅದು ಸೀಸವೆಂದು ಖಚಿತವಾಯಿತು." ಯಾವುದಕ್ಕೆ ಹೋಲಿಸಿ −0.45? ಬಾವಿ ನೀರು ಹತ್ತು ಅಡಿ ಕೆಳಗಿದೆ ಎಂದರೆ ಕಟ್ಟೆಯಿಂದಲೋ ನೆಲದಿಂದಲೋ ಹೇಳಬೇಕು, ಅಲ್ವಾ? ಹೋಲಿಕೆಗೆ ಬಳಸುವ ಬೆಳ್ಳಿ-ಬೆಳ್ಳಿ ಕ್ಲೋರೈಡ್ ಎಲೆಕ್ಟ್ರೋಡಿಗೂ ಹೈಡ್ರೋಜನ್ ಎಲೆಕ್ಟ್ರೋಡಿಗೂ ಸುಮಾರು 0.2 ವೋಲ್ಟ್ ವ್ಯತ್ಯಾಸವಿದೆ. ಸೀಸದ ಶಿಖರಕ್ಕೂ ಕ್ಯಾಡ್ಮಿಯಂ ಶಿಖರಕ್ಕೂ ನಡುವೆ ಇರುವುದೂ ಹೆಚ್ಚುಕಡಿಮೆ ಅಷ್ಟೇ. ಹೋಲಿಕೆ ಹೇಳದಿದ್ದರೆ ಒಂದನ್ನು ಇನ್ನೊಂದೆಂದು ತಿಳಿದುಬಿಡಬಹುದು. ಇದು ಸಣ್ಣ ವಿಷಯವಲ್ಲ.

ಮಂಗಳೂರಿನ ಒಂದು ಲ್ಯಾಬಿನಲ್ಲಿ ನಾನು ಕೆಲಸ ಕಲಿಯುವಾಗ ದಿನ ಶುರುವಾಗುತ್ತಿದ್ದುದೇ ಉಜ್ಜುವುದರಿಂದ. ಒದ್ದೆ ಬಟ್ಟೆಯ ಮೇಲೆ ಅಲ್ಯೂಮಿನಾ ಪುಡಿ, ಅದರಲ್ಲಿ ಗ್ಲಾಸಿ ಕಾರ್ಬನ್ ಎಲೆಕ್ಟ್ರೋಡನ್ನು 8ರ ಆಕಾರದಲ್ಲಿ ತಿರುಗಿಸಬೇಕು. ಸರ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಮುಖ ಕಾಣುವಷ್ಟು ಹೊಳೆಯದಿದ್ದರೆ ವಾಪಸ್. ನೋಟ್‌ಬುಕ್ಕಿನಲ್ಲಿ ಯಾರಾದರೂ ಬರೀ ವೋಲ್ಟ್ ಬರೆದಿದ್ದರೆ ಪೆನ್ಸಿಲಿನಿಂದ ಸುತ್ತು ಹಾಕಿ, "ಯಾವುದರ ಎದುರು ಮಾರಾಯ?" ಎಂದು ಕೇಳುತ್ತಿದ್ದರು. ಉತ್ತರ ಬರುವವರೆಗೆ ಮುಂದಿನ ಪುಟ ತಿರುಗಿಸುತ್ತಿರಲಿಲ್ಲ. ಈಗ ನಿಮ್ಮ ಲೇಖನದ ಪಕ್ಕದಲ್ಲಿ ನಾನೂ ಅದೇ ಸುತ್ತು ಹಾಕಿದ್ದೇನೆ.

"ಖಚಿತವಾಯಿತು" ಎನ್ನುವ ಮೊದಲು ಅದೇ ನೀರಿಗೆ ಗೊತ್ತಿರುವಷ್ಟು ಸೀಸ ಸೇರಿಸಿ ಮತ್ತೆ ಅಳೆದಿರಾ? ಅದೇ ಶಿಖರ ಬೆಳೆಯಿತೇ, ಪಕ್ಕದಲ್ಲಿ ಬೇರೊಂದು ಎದ್ದಿತೇ? ಆ ಗ್ರಾಫ್ ಇದ್ದರೆ ಕಳಿಸಿ. ಇಲ್ಲದಿದ್ದರೆ ಆ ಪದ ತೆಗೆಯಿರಿ.

1922ರಲ್ಲಿ ಪ್ರಾಗ್‌ನಲ್ಲಿ ರಸಾಯನಶಾಸ್ತ್ರಜ್ಞ ಹೇರೋವ್ಸ್ಕಿ ಇಂಥ ಅಳತೆಯನ್ನು ಪಾದರಸದ ಹನಿಯಿಂದ ಶುರು ಮಾಡಿದ್ದು, 1959ರಲ್ಲಿ ಅವರಿಗೆ ನೊಬೆಲ್ ಬಂದಿದ್ದು, ಇದಕ್ಕೇ ಮೂರು ಪ್ಯಾರಾ ಜಾಸ್ತಿಯಾಯಿತು. ಒಂದಕ್ಕೆ ಇಳಿಸಿ, ಉಳಿದ ಜಾಗದಲ್ಲಿ ಪ್ರಯೋಗ ಬರೆಯಿರಿ. ತಿದ್ದಿ ಕಳಿಸಿ, ನಾನೇ ಓದುತ್ತೇನೆ.