ಹೊಳೆಯ ಎರಡು ದಡ, ಅಪ್ಪನ ಎರಡು ನಂಬರು

ಮೊನ್ನೆ ಫೋನಿನಲ್ಲಿ ನೀನು ಕೇಳಿದೆಯಲ್ಲ, "ಯೂನಿಯನ್‌ನವರೇ ಸ್ಟ್ರೈಕ್ ಮಾಡಿ ಮಾಡಿ ನಿಮ್ಮೂರ ಮಿಲ್ಲು ಮುಚ್ಚಿಸಿದ್ರು ಅಲ್ವಾ, ಈಗಲೂ ಅದೇ ಯೂನಿಯನ್ ಆಫೀಸಿಗೆ ಯಾಕೆ ಅಲೆಯುತ್ತೀರಿ" ಅಂತ. ಆಗ ಬಸ್ಸಿನಲ್ಲಿದ್ದೆ. ಸುಮ್ನೆ ಹೂಂ ಅಂದುಬಿಟ್ಟೆ. ಅವತ್ತಿಂದ ಅದು ಕೊರೆಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಊರಿನ ವಿಷಯ. ನಮ್ಮ ಹರಿಹರ 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಆಮೇಲೆ ದಾವಣಗೆರೆಗೆ ಸೇರಿತು. ಹೊಳೆ ದಾಟಿದರೆ ಹಾವೇರಿ ಜಿಲ್ಲೆ. ನಿನಗೆ ಅದು ರಸ್ತೆ ಬದಿಯ ಒಂದು ಬೋರ್ಡು ಅಷ್ಟೇ. ಆದರೆ 1956ಕ್ಕೆ ಮುಂಚೆ ಈ ತುಂಗಭದ್ರೆಯೇ ಮೈಸೂರು ರಾಜ್ಯದ ಅಂಚು, ಆಚೆ ದಡ ಬೊಂಬಾಯಿಯವರದು. ಬ್ರಿಟಿಷರ ಕಾಲದಲ್ಲಿ ಅವರ 1926ರ ಟ್ರೇಡ್ ಯೂನಿಯನ್ ಕಾಯ್ದೆ ಆಚೆ ದಡಕ್ಕಿತ್ತು, ಈಚೆಗೆ ಮಹಾರಾಜರ ಸರ್ಕಾರದ ಕಾನೂನು. 1941ರಲ್ಲಿ ಇಲ್ಲಿ ಲೇತ್ ಮಾಡುವ ಕಾರ್ಖಾನೆ ಶುರುವಾಯಿತು, ಮೈಸೂರು ಕಿರ್ಲೋಸ್ಕರ್. ಹೆಸರಿನಲ್ಲೇ ಮೈಸೂರು ಇದೆ ನೋಡು. 1972ರಲ್ಲಿ ಆಚೆ ದಡದ ಕುಮಾರಪಟ್ಟಣದಲ್ಲಿ ಪಾಲಿಫೈಬರ್ಸ್ ಕಾರ್ಖಾನೆ ಬಂತು. ಅದಕ್ಕೆ ಮಾತ್ರ ನಮ್ಮ ಹರಿಹರದ ಹೆಸರು. ಬೆಳಿಗ್ಗೆ ಸೈಕಲ್ಲಿನಲ್ಲಿ ಹೊಳೆ ದಾಟಿ ಕೆಲಸಕ್ಕೆ ಹೋಗಿ ಸಂಜೆ ವಾಪಸ್ ಬರುವುದು ಇಲ್ಲಿ ಎಷ್ಟೋ ಮನೆಗಳ ದಿನಚರಿ.

ದಾವಣಗೆರೆ ಅಂದ ಕೂಡಲೇ ನೀವೆಲ್ಲ ಬೆಣ್ಣೆ ದೋಸೆ ಅನ್ನುತ್ತೀರಿ. ನಮ್ಮ ಮನೆಯಲ್ಲಿ ದಾವಣಗೆರೆ ಅಂದರೆ ಮಿಲ್ಲು. 1930ರ ದಶಕದಿಂದ ಒಂದಾದ ಮೇಲೊಂದು ಹತ್ತಿ ಗಿರಣಿ ಎದ್ದು, ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಾದ ಊರು ಅದು. ಕಾರ್ಮಿಕ ನಾಯಕ ಪಂಪಾಪತಿ ಅವರನ್ನು 1978, 1983, 1985ರಲ್ಲಿ ಮೂರು ಸಲ ಕಮ್ಯುನಿಸ್ಟ್ ಪಕ್ಷ ಸಿಪಿಐನಿಂದ ಗೆಲ್ಲಿಸಿ ವಿಧಾನಸಭೆಗೆ ಕಳಿಸಿದ ಊರು. ವ್ಯಾಪಾರಿಗಳ ಊರು ಅಂತ ನೀವು ತಿಳಿದಿರುವ ಜಾಗದಲ್ಲಿ ಕೆಂಬಾವುಟ ಮೂರು ಸಲ ಗೆದ್ದಿದೆ. ಅದು ನನಗೆ ಹೆಮ್ಮೆ, ಈಗಲೂ.

ಇನ್ನು ಮಿಲ್ಲು ಮುಚ್ಚಿಸಿದ್ದು ಯಾರು ಅನ್ನುವ ಮಾತು. 1982ರ ಜನವರಿಯಲ್ಲಿ ಶುರುವಾದ ಬೊಂಬಾಯಿಯ ದೊಡ್ಡ ಸ್ಟ್ರೈಕಿನ ಕಥೆಯನ್ನು ಎಲ್ಲರೂ ಕೇಳಿದ್ದಾರೆ, ಅದನ್ನೇ ತಂದು ಎಲ್ಲ ಮಿಲ್ಲುಗಳಿಗೂ ಹಚ್ಚುತ್ತಾರೆ. ನಮ್ಮಲ್ಲೂ ಸ್ಟ್ರೈಕ್ ಆಗಿವೆ, ಇಲ್ಲ ಅನ್ನುವುದಿಲ್ಲ. ಆದರೆ ಹಳೇ ಮಷಿನ್ನು ಬದಲಿಸದೆ ಕೂತದ್ದು ಕಾರ್ಮಿಕರಲ್ಲ. ಕಡಿಮೆ ಕೂಲಿಯ ಪವರ್‌ಲೂಮು ಬಂದು ನೇಯ್ಗೆಯನ್ನು ಕಿತ್ತುಕೊಂಡಿತು, ಪಾಲಿಯೆಸ್ಟರ್ ಬಂದು ಹತ್ತಿ ಬಟ್ಟೆಯನ್ನು ಹಿಂದೆ ತಳ್ಳಿತು. ಹತ್ತಿ ಬೆಳೆಯುತ್ತಿದ್ದ ಹೊಲಗಳಿಗೆ ಈಗ ಮೆಕ್ಕೆಜೋಳ ಬಂದಿದೆ. ಇಷ್ಟನ್ನೂ ಬಿಟ್ಟು ಗೇಟಿನ ಮುಂದೆ ಕೂತವನ ತಲೆಗೆ ಕಟ್ಟಿದರೆ ಹೇಗೆ?

ಯೂನಿಯನ್ ಆಫೀಸಿಗೆ ಯಾಕೆ ಅಲೆಯುತ್ತೇವೆ ಅಂತ ಕೇಳಿದೆಯಲ್ಲ, ಅದಕ್ಕೆ ಅಪ್ಪನ ಕಥೆ ಹೇಳಬೇಕು.

ಅಪ್ಪ ದಾವಣಗೆರೆಯ ಒಂದು ಮಿಲ್ಲಿನಲ್ಲಿ ನೂಲು ತೆಗೆಯುವ ಸ್ಪಿನ್ನಿಂಗ್ ಖಾತೆಗೆ ಬದ್ಲಿಯಾಗಿ ಸೇರಿದ್ದು 1976ರಲ್ಲಿ. ಬದ್ಲಿ ಅಂದರೆ ಕಾಯಂ ಆಳು ಬರದ ದಿನ ಅವನ ಜಾಗದಲ್ಲಿ ನಿಲ್ಲುವವನು. ಶಿಫ್ಟ್ ಶುರುವಾಗುವ ಮುಂಚೆಯೇ ಗೇಟಿನ ಹತ್ತಿರ ನಿಂತಿರಬೇಕು. ಕರೆದರೆ ಒಳಗೆ, ಇಲ್ಲದಿದ್ದರೆ ಮನೆಗೆ. ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದವನಿಗೆ ಕಾನೂನಿನಲ್ಲಿ ಒಂದು ಬಲ ಬರುತ್ತದೆ. ಹಾಗಾಗಿ ಅಪ್ಪನ ಲೆಕ್ಕ 230 ದಾಟುತ್ತಿದ್ದಂತೆ ಗೇಟಿನಲ್ಲಿ ಅವನ ಹೆಸರು ಕರೆಯುವುದು ನಿಲ್ಲುತ್ತಿತ್ತು. ಯೂನಿಯನ್‌ನ ಒಬ್ಬ ಹಿರಿಯರು ಒಂದು ನೋಟ್‌ಬುಕ್ ಇಟ್ಟಿದ್ದರಂತೆ. ಯಾವ ಬದ್ಲಿ ಯಾವ ದಿನ ಒಳಗೆ ಹೋದ ಅಂತ ದಿನಾ ಬರೆಯುತ್ತಿದ್ದರು. ಆ ನೋಟ್‌ಬುಕ್ಕನ್ನು ಮುಂದಿಟ್ಟುಕೊಂಡು ಜಗಳ ಮಾಡಿದ್ದಕ್ಕೇ 1989ರಲ್ಲಿ ಅಪ್ಪ ಕಾಯಂ ಆದ. ಹದಿಮೂರು ವರ್ಷ ಆದ ಮೇಲೆ.

1998ರಲ್ಲಿ ಮಿಲ್ಲು ನಿಂತಿತು. ಆಮೇಲೆ ಎರಡು ವರ್ಷ ಹೊಳೆ ಆಚೆ, ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ದುಡಿದ. ಅಲ್ಲಿ ಪಿಎಫ್ ನಂಬರು ಬೇರೆ. ಗಂಟು ಬಿದ್ದಿರುವುದು ಇಲ್ಲೇ.

ಪಿಎಫ್ ಪಿಂಚಣಿಗೆ ಕನಿಷ್ಠ ಹತ್ತು ವರ್ಷದ ಸೇವೆ ಬೇಕು. ಮಿಲ್ಲಿನ ದಾಖಲೆಯಲ್ಲಿ ಅಪ್ಪನದು ಒಂಬತ್ತು ವರ್ಷ ಎರಡು ತಿಂಗಳು. ಬದ್ಲಿಯಾಗಿದ್ದ ಹದಿಮೂರು ವರ್ಷ ಲೆಕ್ಕದಲ್ಲೇ ಇಲ್ಲ. ಆಚೆ ದಡದ ಎರಡು ವರ್ಷ ಸೇರಿಸಿದರೆ ಹತ್ತು ದಾಟುತ್ತದೆ. ಆದರೆ ಈಚೆ ದಡದ ಕಾಗದ ಒಂದು ಆಫೀಸಿನಲ್ಲಿ, ಆಚೆ ದಡದ್ದು ಇನ್ನೊಂದರಲ್ಲಿ. ಮಿಲ್ಲಿನ ರಿಜಿಸ್ಟರಿನಲ್ಲಿ ಹೆಸರಿನ ಕೊನೆಗೆ 'ಅಪ್ಪ' ಇಲ್ಲ, ಆಚೆ ಕಡೆಯ ರಿಜಿಸ್ಟರಿನಲ್ಲಿ ಇದೆ, ಆಧಾರಿನಲ್ಲಿ ಹೆಸರಿನ ಹಿಂದೆ ಊರೂ ಸೇರಿದೆ. ಮೂವರೂ ಒಬ್ಬನೇ ಅಂತ ಸಾಬೀತು ಮಾಡಬೇಕು. ತಿದ್ದುಪಡಿ ಅರ್ಜಿಗೆ ಕಾರ್ಮಿಕನ ಸಹಿಯ ಜೊತೆ ಮಾಲೀಕರ ಸಹಿಯೂ ಬೇಕು. ಮಿಲ್ಲಿನ ಜಾಗದಲ್ಲಿ ಈಗ ಸೈಟು ಹಾಕಿದ್ದಾರೆ. ಯಾರ ಹತ್ತಿರ ಸಹಿ ಹಾಕಿಸುವುದು? ಮುಚ್ಚಿದ ಕಂಪನಿಯಾದರೆ ಗೆಜೆಟೆಡ್ ಅಧಿಕಾರಿಯ ಸಹಿ ಆಗುತ್ತದೆ ಅನ್ನುವುದನ್ನು ನಮಗೆ ಹೇಳಿದವರೂ ಯೂನಿಯನ್‌ನವರೇ, ಕೌಂಟರಿನಲ್ಲಿ ಕೂತವರಲ್ಲ. ಅಪ್ಪನಿಗೆ 58 ತುಂಬಿದ್ದು 2012ರಲ್ಲಿ. ಅವತ್ತಿಂದ ಈಚೆ ದಡಕ್ಕೆ ಹೋದರೆ ಆಚೆ ದಡದ್ದು ತನ್ನಿ, ಆಚೆಗೆ ಹೋದರೆ ಈಚೆಯದು ತನ್ನಿ. ಬೆರಳಚ್ಚು ಕೊಡಿ ಅಂದರೆ ಮಷಿನ್ನು ತಗೊಳ್ಳುವುದಿಲ್ಲ. ಎಳೆ ಕೂಡಿಸಿ ಕೂಡಿಸಿ ಬೆರಳ ತುದಿಯ ಗೆರೆ ಸವೆದಿದೆ.

ಇಷ್ಟೆಲ್ಲ ಒದ್ದಾಡಿ ಬರುವುದು ಎಷ್ಟು ಅಂತ ನೀನು ಕೇಳುತ್ತೀ, ಗೊತ್ತು. 2014ರಲ್ಲಿ ಕನಿಷ್ಠ ಪಿಂಚಣಿ ತಿಂಗಳಿಗೆ ಸಾವಿರ ರೂಪಾಯಿ ಅಂತ ಮಾಡಿದರು, ಅಷ್ಟೇ. ಅವ್ವ ಒಂದು ಸಲ "ಬಿಟ್ಟುಬಿಡ್ರಿ, ಬಸ್ ಚಾರ್ಜೇ ಜಾಸ್ತಿ ಆತು" ಅಂದಳು. ಅಪ್ಪ ಎರಡು ದಿನ ಅವಳ ಜೊತೆ ಮಾತಾಡಲಿಲ್ಲ.

ಮಿಲ್ಲಿನ ಆಫೀಸಿಲ್ಲ, ಟೈಮ್ ಕೀಪರ್ ಇಲ್ಲ, ಹಾಜರಿ ಪುಸ್ತಕ ಎಲ್ಲಿ ಹೋಯಿತೋ. ಅಪ್ಪ ಅಲ್ಲಿ ದುಡಿದ ಅನ್ನುವುದಕ್ಕೆ ನಮ್ಮ ಟ್ರಂಕಿನಲ್ಲಿ ಉಳಿದಿರುವುದು ಕಾರ್ಮಿಕರ ವಿಮೆಯ ಹಳೇ ಇಎಸ್‌ಐ ಕಾರ್ಡು ಮತ್ತು ಯೂನಿಯನ್ ಚಂದಾ ರಸೀದಿಗಳು. ರಸೀದಿಯಲ್ಲಿ ಖಾತೆ, ಟೋಕನ್ ನಂಬರು, ಸಹಿ ಎಲ್ಲಾ ಇದೆ. ಹೆಸರೂ ಪೂರ್ತಿ ಇದೆ, 'ಅಪ್ಪ' ಸೇರಿಸಿ. ಹೋದ ತಿಂಗಳು ಯೂನಿಯನ್‌ನವರು ಅವನ್ನೆಲ್ಲ ಜೋಡಿಸಿ ಒಂದು ಪತ್ರ ಬರೆದುಕೊಟ್ಟರು. ಗೆಜೆಟೆಡ್ ಸಹಿಯೂ ಆಗಿದೆ.

ಬರುವ ಸೋಮವಾರ ಮೊದಲು ಆಚೆ ದಡಕ್ಕೆ, ಮಧ್ಯಾಹ್ನ ಈಚೆಗೆ. ಅಪ್ಪ ಈಗಲೇ ಅಂಗಿ ಇಸ್ತ್ರಿ ಮಾಡಿಸಿ ಇಟ್ಟಿದ್ದಾನೆ. ಅವತ್ತು ಫೋನ್ ಮಾಡಬೇಡ, ಕೆಲಸ ಮುಗಿದ ಮೇಲೆ ನಾನೇ ಮಾಡುತ್ತೇನೆ.