ಕಾನ್‌ಕುನ್‌ನಿಂದ ಒಂದೇ ದಿನದಲ್ಲಿ ಚಿಚೆನ್ ಇಟ್ಜಾ, ಕೋಬಾ, ತುಲುಮ್ ಮೂರನ್ನೂ ನೋಡಲು ಕಾರು ಒಳ್ಳೆಯದೋ, ಟೂರ್ ಬಸ್ಸೋ?

ಗೆಳೆಯರೆಲ್ಲ ಸೇರಿ ಮೆಕ್ಸಿಕೋದಲ್ಲಿ ಪ್ರಾಚೀನ ಮಾಯಾ ಜನರ ಈ ಮೂರು ಪಾಳುನಗರ ನೋಡಿ, ಅದೇ ರಾತ್ರಿ ಡಲ್ಲಾಸ್ ವಿಮಾನ ಹತ್ತುತ್ತೇವೆ ಅಂದಿದ್ದೀರಿ. ಓದಿ ಎದೆ ಝಲ್ಲೆಂದಿತು. ನಾವೂ ಹೀಗೇ ಲೆಕ್ಕ ಹಾಕಿದ್ದೆವು. ಕಾರೋ ಬಸ್ಸೋ ಅನ್ನುವುದು ಆಮೇಲಿನ ಮಾತು. ಮೊದಲು ಆ ರಾತ್ರಿಯ ವಿಮಾನವನ್ನು ಮರುದಿನಕ್ಕೆ ಹಾಕಿಕೊಳ್ಳಿ.

ನಾವು ಕಾಲೇಜಿನಿಂದ ಜೊತೆಗಿರುವ ಗೆಳೆಯರು, ಈಗ ಟೆಕ್ಸಾಸ್‌ನಲ್ಲಿ ಕೆಲಸ. ಕಾನ್‌ಕುನ್‌ನ ಬೀಚ್ ಮುಗಿಸಿ, ಕೊನೆಯ ದಿನವನ್ನು ಚಿಚೆನ್ ಇಟ್ಜಾಗೆ ಇಟ್ಟುಕೊಂಡಿದ್ದೆವು. ಸುಮಾರು 200 ಕಿ.ಮೀ. ದೂರ, ಟೋಲ್ ರಸ್ತೆಯಲ್ಲಿ ಎರಡೂವರೆ ಗಂಟೆ. ಬೆಳಿಗ್ಗೆ ಎಂಟಕ್ಕೆ ಬಾಡಿಗೆ ಕಾರಿನಲ್ಲಿ ಹೊರಟೆವು. ಸುಮಾರು ಅರ್ಧ ದಾರಿಯಲ್ಲಿ ಫೋನಿನ ಗಡಿಯಾರ ತಾನಾಗಿ ಒಂದು ಗಂಟೆ ಹಿಂದಕ್ಕೆ ಹೋಯಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾನ್‌ಕುನ್ ಇರುವುದು ಕಿಂತಾನಾ ರೋ ರಾಜ್ಯದಲ್ಲಿ. ಚಿಚೆನ್ ಇಟ್ಜಾ ಪಕ್ಕದ ಯುಕಟಾನ್ ರಾಜ್ಯದಲ್ಲಿ. ಪ್ರವಾಸಿಗರಿಗೆ ಸಂಜೆ ಬೆಳಕು ಜಾಸ್ತಿ ಸಿಗಲಿ ಅಂತ ಕಿಂತಾನಾ ರೋ 2015ರಲ್ಲಿ ತನ್ನ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟುಕೊಂಡಿತು. ಹಾಗಾಗಿ ಹೋಗುವಾಗ ಒಂದು ಗಂಟೆ ಸುಮ್ನೆ ಕೈಗೆ ಬರುತ್ತದೆ. ನಮಗೆ ಖುಷಿಯೋ ಖುಷಿ. ಸಮಯ ಇದೆಯಲ್ಲ ಅಂತ ಮೊದಲು ಇಕ್ ಕಿಲ್ ಸೆನೋಟೆಗೆ ಹೋದೆವು. ಸೆನೋಟೆ ಅಂದರೆ ಸುಣ್ಣಕಲ್ಲಿನ ನೆಲ ಕುಸಿದು ಆದ ಆಳವಾದ ನೀರಿನ ಗುಂಡಿ. ಉತ್ತರ ಯುಕಟಾನ್‌ನಲ್ಲಿ ನೆಲದ ಮೇಲೆ ಹರಿಯುವ ಹೊಳೆಗಳಿಲ್ಲ, ಮಳೆನೀರೆಲ್ಲ ಕಲ್ಲಿನೊಳಗೆ ಇಳಿದುಬಿಡುತ್ತದೆ. ಮಾಯಾ ಜನ ಬದುಕಿದ್ದೇ ಈ ನೀರಿನ ಮೇಲೆ. ಈಜಿ, ಊಟ ಮುಗಿಸಿ, ಪಾಳುನಗರದ ಗೇಟಿಗೆ ಬಂದಾಗ ಅಲ್ಲಿನ ಸಮಯ ಹನ್ನೆರಡೂವರೆ. ಟೂರ್ ಬಸ್ಸುಗಳೆಲ್ಲ ಬಂದಾಗಿತ್ತು. ಟಿಕೆಟ್ಟಿಗೆ ಎರಡು ಕೌಂಟರ್, ಒಂದು ರಾಜ್ಯದ್ದು, ಇನ್ನೊಂದು ಕೇಂದ್ರದ್ದು. ಎರಡು ಕಡೆಯೂ ಸಾಲು.

ಒಳಗೆ ಹೋದ ಮೇಲೆ ಮಾತ್ರ ಎಲ್ಲ ಮರೆತುಹೋಯಿತು. ಗರಿಯುಳ್ಳ ಹಾವಿನ ರೂಪದ ದೇವರು ಕುಕುಲ್ಕಾನ್, ಅವನ ಪಿರಮಿಡ್ಡಿನ ಎತ್ತರ ಮೇಲಿನ ಗುಡಿಯೂ ಸೇರಿ ಸುಮಾರು 30 ಮೀಟರ್. ನಾಲ್ಕೂ ಬದಿಗೆ 91 ಮೆಟ್ಟಿಲು, ಮೇಲಿನ ಒಂದು ಸೇರಿಸಿದರೆ 365. ಎದುರು ನಿಂತು ಚಪ್ಪಾಳೆ ತಟ್ಟಿದರೆ ಮೆಟ್ಟಿಲುಗಳಿಂದ ಹಕ್ಕಿ ಕೂಗಿದ ಹಾಗೆ ಪ್ರತಿಧ್ವನಿ ಬರುತ್ತದೆ. ನಮಗೆ ಕಾಣುವ ಪಿರಮಿಡ್ಡಿನ ಹೊಟ್ಟೆಯಲ್ಲಿ ಇನ್ನೊಂದು ಹಳೆಯ ಪಿರಮಿಡ್ ಇದೆ. 1930ರ ದಶಕದಲ್ಲಿ ಅದರೊಳಗೆ ಚಿರತೆಯಂಥ ಜಾಗ್ವಾರ್ ಪ್ರಾಣಿಯ ಆಕಾರದ ಕೆಂಪು ಸಿಂಹಾಸನ ಸಿಕ್ಕಿತು, ಮೈಮೇಲಿನ ಚುಕ್ಕೆಗಳೆಲ್ಲ ಹಸಿರು ಜೇಡ್ ಕಲ್ಲು. ಅದರ ಒಳಗೂ ಮೂರನೆಯದೊಂದು ಇದೆ ಅಂತ 2016ರಲ್ಲಿ ಗೊತ್ತಾಯಿತು. ಇದನ್ನೆಲ್ಲ ಹೇಳುತ್ತಿದ್ದ ಗೈಡ್ ಹತ್ತಿರ ನಮಗೆ ಪ್ರಶ್ನೆಗಳೇ ಮುಗಿಯಲಿಲ್ಲ. ಆಮೇಲೆ ಚೆಂಡಾಟದ ಅಂಗಳಕ್ಕೆ ಹೋದೆವು. 168 ಮೀಟರ್ ಉದ್ದ, ಎತ್ತರದ ಗೋಡೆಯಲ್ಲಿ ಕಲ್ಲಿನ ಬಳೆ. ಗೋಡೆಯ ಬುಡದ ಕೆತ್ತನೆಯಲ್ಲಿ ತಲೆ ಕಡಿಸಿಕೊಂಡ ಆಟಗಾರ, ಕತ್ತಿನಿಂದ ಹಾವುಗಳ ಹಾಗೆ ಚಿಮ್ಮುವ ರಕ್ತ. ಅಲ್ಲೇ ಗಂಟೆಗಟ್ಟಲೆ ನಿಲ್ಲಬಹುದಿತ್ತು.

ವಿಮಾನ ರಾತ್ರಿ ಎಂಟಕ್ಕೆ. ಮೂರಕ್ಕೆ ಹೊರಟರೆ ಐದೂವರೆಗೆ ಏರ್‌ಪೋರ್ಟ್, ಆರಾಮ ಅಂದುಕೊಂಡೆವು. ತಪ್ಪಾಗಿದ್ದು ಇಲ್ಲೇ. ಮೂರು ಗಂಟೆ ಅನ್ನುವುದು ಯುಕಟಾನ್ ಗಡಿಯಾರದ್ದು, ಎಂಟು ಗಂಟೆ ಅನ್ನುವುದು ಕಾನ್‌ಕುನ್‌ದು. ಬೆಳಿಗ್ಗೆ ಬಂದ ಗಂಟೆಯನ್ನು ಸಂಜೆ ವಾಪಸ್ ಕೊಡಬೇಕು ಅನ್ನುವುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಎಲ್ಲರ ಕೈಯಲ್ಲೂ ಫೋನ್ ಇತ್ತು. ಫೋನ್ ಆಯಾ ಜಾಗದ ಸರಿಯಾದ ಸಮಯ ತೋರಿಸುತ್ತದೆಯೇ ಹೊರತು, ಟಿಕೆಟ್ಟಿನ ಮೇಲಿರುವ ಸಮಯ ಬೇರೆ ಗಡಿಯಾರದ್ದು ಅಂತ ಎಚ್ಚರಿಸುವುದಿಲ್ಲ. ವಾಪಸ್ ಬರುವಾಗ ಕಣ್ಣೆದುರೇ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಯಿತು. ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಕಾರು ಒಪ್ಪಿಸಿ ಕೌಂಟರಿಗೆ ಓಡುವಷ್ಟರಲ್ಲಿ ಏಳೂಕಾಲು, ಚೆಕ್‌ಇನ್ ಮುಚ್ಚಿತ್ತು. ಎಲ್ಲರಿಗೂ ಹೊಸ ಟಿಕೆಟ್, ಒಬ್ಬನಿಗೆ ಮರುದಿನದ ಕೆಲಸವೂ ಕೆಟ್ಟಿತು.

ದುಡ್ಡು ಹೇಗೋ ಹೊಂದಿಸಿದೆವು. ನನಗೆ ಇವತ್ತಿಗೂ ಚುಚ್ಚುವುದು ಎಲ್ ಕರಕೋಲ್ ನೋಡದೆ ಬಂದದ್ದು. ದಕ್ಷಿಣ ಭಾಗದಲ್ಲಿರುವ ದುಂಡು ಗೋಪುರ ಅದು. ಅದರ ಕಿಟಕಿಗಳು ಶುಕ್ರ ಗ್ರಹ ದಿಗಂತದಲ್ಲಿ ಉತ್ತರ, ದಕ್ಷಿಣದ ಕೊನೆ ಮುಟ್ಟುವ ಜಾಗಗಳಿಗೆ ಹೊಂದಿಕೊಂಡಿವೆ. ಶುಕ್ರ ಆಕಾಶದಲ್ಲಿ ಮತ್ತೆ ಅದೇ ರೀತಿ ಕಾಣಿಸಿಕೊಳ್ಳುವ 584 ದಿನದ ಚಕ್ರವನ್ನು ಬರಿಗಣ್ಣಿನಲ್ಲಿ ಲೆಕ್ಕ ಹಿಡಿದ ಜನ ಮಾಯಾದವರು. ಸಮಯ ಆಯಿತು ಅಂತ ಅದರ ದಾರಿ ಬಿಟ್ಟು ಗೇಟಿನ ಕಡೆ ನಡೆದೆವು.

ಅದಕ್ಕೇ ಹೇಳುವುದು, ಒಂದು ದಿನಕ್ಕೆ ಒಂದೇ ನಗರ. ಕೋಬಾ, ತುಲುಮ್ ಎರಡೂ ಕಿಂತಾನಾ ರೋದಲ್ಲಿವೆ, ಮೂರನ್ನೂ ಸೇರಿಸಿದರೆ ಗಡಿಯಾರದ ಗಡಿ ಎರಡು ಸಲ ದಾಟುತ್ತೀರಿ. ಹಿಂದಿನ ರಾತ್ರಿ ಯುಕಟಾನ್ ರಾಜ್ಯದಲ್ಲೇ ಇರುವ ವಯ್ಯಾದೊಲಿದ್ ಊರಿನಲ್ಲಿ ಉಳಿದುಕೊಳ್ಳಿ. ಚಿಚೆನ್ ಇಟ್ಜಾಗೆ ಅಲ್ಲಿಂದ 45 ಕಿ.ಮೀ. ಅಷ್ಟೆ, ಗಡಿಯಾರವೂ ಅದೇ. ಬೆಳಿಗ್ಗೆ ಎಂಟಕ್ಕೆ ಗೇಟು ತೆಗೆಯುವಾಗ ಅಲ್ಲಿರಿ. ಗೈಡ್ ಖರ್ಚು ಹಂಚಿಕೊಳ್ಳಿ, ಅದರಲ್ಲಿ ಮಾತ್ರ ಉಳಿಸಲು ಹೋಗಬೇಡಿ. ಪಿರಮಿಡ್ ಹತ್ತುವ ಆಸೆ ಬರೆದಿದ್ದೀರಿ, ಕುಕುಲ್ಕಾನ್ ಹತ್ತುವುದನ್ನು ನಿಲ್ಲಿಸಿ ಬಹಳ ವರ್ಷವಾಯಿತು, ನನ್ನ ಮಟ್ಟಿಗೆ ಅದು ಸರಿಯೇ. ಬಿಸಿಲೇರುವ ಮುಂಚೆ ಕರಕೋಲ್ ಕಡೆ ಹೋಗಿಬನ್ನಿ. ಈಜು ಕೊನೆಗಿರಲಿ.

ತುಲುಮ್ ಬೇಕೇ ಬೇಕು ಅಂತ ಗುಂಪಿನಲ್ಲಿ ಯಾರಾದರೂ ಹಟ ಹಿಡಿದರೆ ಅದನ್ನು ಬೀಚಿನ ದಿನಕ್ಕೆ ಸೇರಿಸಿ. ಅದು ಕಡಲ ದಂಡೆಯಲ್ಲೇ ಇದೆ, ಗಡಿಯಾರವೂ ಕಾನ್‌ಕುನ್‌ದೇ.