ಸರಿಯಾಗಿ ಬಿದ್ದವರ ಮೊಣಕಾಲು
ಓದುಗರ ಪ್ರಶ್ನೆಗಳಿಗೆ ಎಲುಬು-ಕೀಲು ತಜ್ಞರ ಉತ್ತರ

ಜಾತ್ರೆಗಳು ಮುಗಿದು ಕಬ್ಬಿನ ಗದ್ದೆ ಖಾಲಿಯಾಗುವ ಹೊತ್ತಿಗೆ ನನಗೆ ಒಂದೇ ಥರದ ಪತ್ರಗಳು ಬರತೊಡಗುತ್ತವೆ. ಊರು ಬೇರೆ, ಅಕ್ಷರ ಬೇರೆ, ಪ್ರಶ್ನೆ ಮಾತ್ರ ಅದೇ. ಹೋದ ಸಲ ಎರಡು ಸಾಲಿನಲ್ಲಿ ಉತ್ತರ ಕೊಟ್ಟಿದ್ದೆ, ಯಾರೂ ಓದಿದಂತಿಲ್ಲ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ. ಉಳಿದವರು ಸಿಟ್ಟಾಗಬೇಡಿ.

ಪ್ರಶ್ನೆ: ನನ್ನ ಮಗನಿಗೆ 16 ವರ್ಷ. ಮೂರು ವರ್ಷದಿಂದ ಗರಡಿಯಲ್ಲಿ ಸಾಮು ಮಾಡುತ್ತಾನೆ. ಈಗ ಮೊಬೈಲ್‌ನಲ್ಲಿ ಡಬ್ಲ್ಯುಡಬ್ಲ್ಯುಇ (ಅಮೆರಿಕದ ಪ್ರದರ್ಶನ ಕುಸ್ತಿ) ನೋಡಿ, ಟ್ರ್ಯಾಕ್ಟರ್ ಟ್ರೇಲರ್ ಮೇಲೆ ನಿಂತು ರವದಿ (ಕಬ್ಬಿನ ಒಣ ಸೋಗೆ) ರಾಶಿಯ ಮೇಲೆ ಹಿಂದಕ್ಕೆ ಲಾಗ ಹಾಕುತ್ತಾನೆ. ಅದು ಮೂನ್‌ಸಾಲ್ಟ್ ಅಂತೆ. ‘ಬೀಳೋದು ಸರಿಯಾಗಿ ಕಲಿತರ ಏನೂ ಆಗಂಗಿಲ್ಲ ಅಪ್ಪಾ’ ಎನ್ನುತ್ತಾನೆ. ಹೌದೇ? (ಮುಧೋಳ ತಾಲ್ಲೂಕಿನ ಒಬ್ಬ ತಂದೆ)

ಉತ್ತರ: ಇಲ್ಲ. ತಪ್ಪಾಗಿ ಬಿದ್ದರೆ ಏನಾಗುತ್ತದೆ ಎಂಬುದು ನಿಮಗೂ ಗೊತ್ತು, ಅವನಿಗೂ ಗೊತ್ತು. ಸರಿಯಾಗಿ ಬಿದ್ದರೆ ಏನಾಗುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅದನ್ನೇ ಮೊದಲು ಹೇಳುತ್ತೇನೆ.

ಮೂನ್‌ಸಾಲ್ಟ್ ಅನ್ನು ಮನೆಮಾತು ಮಾಡಿದವನು ಜಪಾನಿನ ಕೇಜಿ ಮುಟೊ, ಗ್ರೇಟ್ ಮುಟಾ ಎಂದರೆ ನಿಮ್ಮ ಮಗ ಗುರುತು ಹಿಡಿದಾನು. ಆ ಪಟ್ಟಿನಲ್ಲಿ ಅವನಷ್ಟು ಪಳಗಿದವರು ಕಡಿಮೆ. ಆದರೆ ಎದೆ-ಹೊಟ್ಟೆ ಎದುರಾಳಿಯ ಮೇಲೆ ಬೀಳುವಂತೆ ಕಂಡರೂ ಭಾರ ಹೊರುವುದು ಅಂಗೈ ಮತ್ತು ಮೊಣಕಾಲು. ಪ್ರತಿ ಸಲವೂ ಮೊಣಕಾಲು ರಿಂಗಿನ ಹಲಗೆಗೆ ಬಡಿಯುತ್ತದೆ. 2018ರಲ್ಲಿ ಅವನ ಎರಡೂ ಮೊಣಕಾಲಿನ ಕೀಲು ತೆಗೆದು ಕೃತಕ ಕೀಲು ಹಾಕಬೇಕಾಯಿತು. ಆಗ ಅವನ ವಯಸ್ಸು 55. ಅದು ತಪ್ಪಿ ಬಿದ್ದದ್ದರ ಫಲವಲ್ಲ, ಸಾವಿರ ಸಲ ಸರಿಯಾಗಿ ಬಿದ್ದದ್ದರ ಫಲ. ಡೈನಮೈಟ್ ಕಿಡ್ ಎಂಬ ಇಂಗ್ಲೆಂಡಿನ ಪೈಲ್ವಾನ ರಿಂಗಿನ ಸುತ್ತ ಕಟ್ಟಿದ ಮೇಲಿನ ಹಗ್ಗದಿಂದ ಹಾರಿ ತಲೆಯಿಂದ ಗುದ್ದುವುದಕ್ಕೆ ಹೆಸರಾದವನು. ಬೆನ್ನುಮೂಳೆ ಕೆಟ್ಟು, ಕೊನೆಗೆ ಗಾಲಿಕುರ್ಚಿಯ ಪಾಲಾದ. 2018ರಲ್ಲಿ, ತನ್ನ 60ನೇ ಹುಟ್ಟುಹಬ್ಬದ ದಿನ ತೀರಿಕೊಂಡ.

ಇನ್ನು ಲೆಕ್ಕ. ಮೇಲಿನ ಹಗ್ಗದಿಂದ ಜಿಗಿದವನ ಮೈ 2 ಮೀಟರ್ ಕೆಳಗೆ ಬೀಳುತ್ತದೆ ಎಂದು ಹಿಡಿಯಿರಿ. ನೆಲ ಮುಟ್ಟುವಾಗ ಅವನ ವೇಗ ಗಂಟೆಗೆ ಸುಮಾರು 22 ಕಿ.ಮೀ. ಆ ವೇಗ 10 ಸೆಂ.ಮೀ. ಒಳಗೆ ನಿಂತರೆ ಮೈಮೇಲೆ ಬೀಳುವ ಹೊರೆ ಅವನ ತೂಕದ ಸುಮಾರು 20 ಪಟ್ಟು. 2 ಸೆಂ.ಮೀ. ಒಳಗೆ ನಿಂತರೆ 100 ಪಟ್ಟು. ರಿಂಗ್ ಎಂದರೆ ಉಕ್ಕಿನ ತೊಲೆಯ ಮೇಲೆ ಹಲಗೆ, ಅದರ ಮೇಲೆ ತೆಳ್ಳನೆಯ ಫೋಮ್, ಮೇಲೊಂದು ಕ್ಯಾನ್ವಾಸ್. ಹಲಗೆ ಬಾಗುವುದೇ ಅಲ್ಲಿ ಜೀವ ಉಳಿಸುವುದು. ಜೊತೆಗೆ, ಕೆಳಗೆ ‘ಸೋತು’ ಮಲಗಿರುವವನು ಎರಡೂ ಕೈ ಎತ್ತಿ ಮೇಲಿಂದ ಬರುವವನನ್ನು ಹಿಡಿದುಕೊಳ್ಳುತ್ತಾನೆ. ಅವನು ಎದುರಾಳಿಯಲ್ಲ, ಜೊತೆಗಾರ. ನಿಮ್ಮ ಹೊಲದ ರವದಿಗೆ ಕೈಗಳಿಲ್ಲ.

ಮೆತ್ತಗಿದೆ ತಾನೇ ಎನ್ನುತ್ತೀರಿ. ಮೆತ್ತಗಿರುವುದೇ ಕುತ್ತಿಗೆಗೆ ಕುತ್ತು. ಗಟ್ಟಿ ನೆಲಕ್ಕೆ ತಲೆ ತಾಗಿದರೆ ಒಮ್ಮೊಮ್ಮೆ ಜಾರಿ ಪಕ್ಕಕ್ಕೆ ಹೋಗುತ್ತದೆ. ರವದಿಯಲ್ಲಿ, ಅಗೆದು ಸಡಿಲ ಮಾಡಿದ ಗರಡಿ ಮಣ್ಣಿನಲ್ಲಿ, ತಲೆ ಹೂತು ಸಿಕ್ಕಿಬೀಳುತ್ತದೆ. ತಲೆ ನಿಂತಿತು, ಹಿಂದಿನಿಂದ 65 ಕಿಲೋ ಮೈ ಇನ್ನೂ ಬರುತ್ತಲೇ ಇದೆ. ಎರಡರ ನಡುವೆ ನುಜ್ಜಾಗುವುದು ಕುತ್ತಿಗೆಯ ಮಣಿಗಳು. ಗರಡಿಯಲ್ಲಿ ವಸ್ತಾದರು ‘ಗದ್ದ ಎದಿಗೆ ಒತ್ತು’ ಎಂದು ಕಲಿಸುತ್ತಾರೆ. ನಾನೂ ಹಾಗೇ ಕಲಿತವನು. ಅದು ಬೆನ್ನ ಮೇಲೆ ಬೀಳುವಾಗ ಸರಿ. ನೆತ್ತಿಯ ಮೇಲೆ ಬೀಳುವಾಗ ಗದ್ದ ಸ್ವಲ್ಪ ಬಾಗಿದ್ದರೆ ಕುತ್ತಿಗೆಯ ಸಹಜ ಬಾಗು ಹೋಗಿ ಏಳೂ ಮಣಿ ಕೋಲಿನಂತೆ ನೆಟ್ಟಗಾಗುತ್ತವೆ. ಬಾಗಿದ ಬಿದಿರು ಪೆಟ್ಟು ತಾಳುತ್ತದೆ, ನೆಟ್ಟಗಿನ ಸುಣ್ಣದ ಕಡ್ಡಿ ಪುಡಿಯಾಗುತ್ತದೆ. ಐದನೇ ಮಣಿಯ ಹತ್ತಿರ ನರದ ಹುರಿ ಜಜ್ಜಿದರೆ ಕಾಲು ಹೋಯಿತು, ಕೈಯೂ ಬಹುಪಾಲು ಹೋಯಿತು. ಇನ್ನೂ ಮೇಲೆ ಆದರೆ ಉಸಿರೇ ನಿಲ್ಲುತ್ತದೆ.

ಹಿಂದಕ್ಕೆ ಲಾಗ ಹಾಕುವವನಿಗೆ ಇನ್ನೊಂದು ತೊಡಕಿದೆ. ಕಾಲು ಹಗ್ಗ ಬಿಟ್ಟ ಗಳಿಗೆಗೇ ಅವನ ತಿರುಗು ತೀರ್ಮಾನವಾಗಿರುತ್ತದೆ. ಗಾಳಿಯಲ್ಲಿ ಮುದುಡಿ ವೇಗ ಹೆಚ್ಚಿಸಿಕೊಳ್ಳಬಹುದು, ಅಷ್ಟೇ. ಜಪಾನಿನ ಹಯಾಬುಸ ಇಂಥ ಹಾರಾಟಕ್ಕೇ ಜನ ಮುಗಿಬಿದ್ದು ನೋಡುತ್ತಿದ್ದ ಆಟಗಾರ. 2001ರ ಅಕ್ಟೋಬರ್‌ನಲ್ಲಿ, ಎಷ್ಟೋ ಸಲ ಹಾಕಿದ್ದ ಅದೇ ಹಗ್ಗದ ಮೂನ್‌ಸಾಲ್ಟ್‌ಗೆ ಹೋಗಿ ಕಾಲು ಜಾರಿ ತಲೆಯ ಮೇಲೆ ಬಿದ್ದ. ಮೈ ಸ್ವಾಧೀನ ತಪ್ಪಿತು. 2016ರಲ್ಲಿ 47ನೇ ವಯಸ್ಸಿಗೆ ತೀರಿಕೊಂಡ.

ಇನ್ನು ನಿಮ್ಮ ಮಗ ಹೇಳಿಯೇ ಹೇಳುವ ಹೆಸರು ಬ್ರಾಕ್ ಲೆಸ್ನರ್. 2003ರ ಮಾರ್ಚ್ 30ರಂದು, ಡಬ್ಲ್ಯುಡಬ್ಲ್ಯುಇಯ ವರ್ಷದ ದೊಡ್ಡ ಪಂದ್ಯವಾದ ಸಿಯಾಟಲ್‌ನ ರೆಸಲ್‌ಮೇನಿಯಾದಲ್ಲಿ ಲೆಸ್ನರ್ ಶೂಟಿಂಗ್ ಸ್ಟಾರ್ ಪ್ರೆಸ್ ಹಾಕಲು ಹೋದ. ಮುಂದಕ್ಕೆ ಹಾರುತ್ತ ಹಿಂದಕ್ಕೆ ತಿರುಗುವ ಪಟ್ಟು ಅದು, ಜಪಾನಿನ ಜೂಶಿನ್ ಲೈಗರ್ ಶುರು ಮಾಡಿದ್ದು. ಎದುರಾಳಿ ಕರ್ಟ್ ಆ್ಯಂಗಲ್ ಮಲಗಿದ್ದ ಜಾಗ ದೂರವಾಯಿತು, ತಿರುಗು ಪೂರ್ತಿಯಾಗಲಿಲ್ಲ, ಲೆಸ್ನರ್ ನೆತ್ತಿಯ ಮೇಲೆ ಬಿದ್ದ. ಮಿದುಳಿಗೆ ಪೆಟ್ಟಾಯಿತು. ಅಂಥ ದಪ್ಪ ಕುತ್ತಿಗೆ ಇದ್ದದ್ದಕ್ಕೆ ಉಳಿದ. ನಿಮ್ಮ ಹುಡುಗನ ಕುತ್ತಿಗೆ ಅಳತೆ ಎಷ್ಟು?

ಗಮನಿಸಬೇಕಾದ್ದು ಇನ್ನೊಂದು. ಲೆಸ್ನರ್ ಡಬ್ಲ್ಯುಡಬ್ಲ್ಯುಇಗೆ ಹೋದದ್ದು ಲಾಗ ಹಾಕಿ ಅಲ್ಲ. 2000ದಲ್ಲಿ ಅಮೆರಿಕದ ಕಾಲೇಜು ಕುಸ್ತಿಯ ಭಾರೀ ತೂಕದ ಚಾಂಪಿಯನ್ ಆಗಿ ಹೋದ. ಆ್ಯಂಗಲ್ ಹೋದದ್ದು 1996ರ ಒಲಿಂಪಿಕ್ ಚಿನ್ನ ಗೆದ್ದು. ನಮ್ಮವರೇ ಆದ ಗ್ರೇಟ್ ಖಲಿ ಒಂದೂ ಲಾಗ ಹಾಕದೆ 2007ರಲ್ಲಿ ಅಲ್ಲಿ ವಿಶ್ವ ಚಾಂಪಿಯನ್ ಆದ. ನೀವು ಮಗನನ್ನು ಗರಡಿ ಬಿಡಿಸಬೇಡಿ. ಮಣ್ಣಿನ ಜೊತೆ ಮ್ಯಾಟ್ ಕುಸ್ತಿಗೂ ಹಾಕಿ. ಮೈ ತಿರುಗಿಸುವ ಹುಚ್ಚು ಬಿಡದಿದ್ದರೆ ಮಲ್ಲಕಂಬ ಕಲಿಯಲಿ, ಬಾಗಲಕೋಟೆ ಪಕ್ಕದ ತುಳಸಿಗೇರಿ ನಿಮಗೆ ದೂರವೇನಲ್ಲ. ಅಲ್ಲಿ ಗುರು ಇರುತ್ತಾರೆ, ಕೆಳಗೆ ಹಿಡಿಯುವವರು ಇರುತ್ತಾರೆ, ಮೊದಲ ದಿನವೇ ಯಾರೂ ತುದಿಗೆ ಹತ್ತಿಸುವುದಿಲ್ಲ. 18 ತುಂಬಿದ ಮೇಲೂ ಅದೇ ಆಸೆ ಇದ್ದರೆ ಖಲಿಯ ಕುಸ್ತಿ ಶಾಲೆ ಜಲಂಧರ್‌ನಲ್ಲಿದೆ. ಅಲ್ಲಿಯವರೆಗೆ ಅವನು ಮಾತು ಕೇಳದಿದ್ದರೆ ಆ ರವದಿ ರಾಶಿಗೆ ನೀರು ಬಿಟ್ಟು, ಸಗಣಿ ಕಲಸಿ ಕೊಳೆಯಲು ಬಿಡಿ. ಗೊಬ್ಬರವಾದರೂ ಆಗುತ್ತದೆ. ನನ್ನ ಮಗನಾಗಿದ್ದರೆ ನಾನು ಅದನ್ನೇ ಮಾಡುತ್ತಿದ್ದೆ.

ಪ್ರಶ್ನೆ: ಅದೆಲ್ಲ ನಾಟಕ ಅಲ್ಲವೇ ಸರ್? ಯಾರಿಗೂ ಪೆಟ್ಟಾಗುವುದಿಲ್ಲವಂತೆ. (ಅಥಣಿ)

ಉತ್ತರ: ಗೆಲ್ಲುವವರು ಯಾರು ಎಂಬುದು ನಾಟಕ, ನೆಲ ನಾಟಕವಲ್ಲ. 1998ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಅಂಡರ್‌ಟೇಕರ್ 16 ಅಡಿ ಎತ್ತರದ ಪಂಜರದ ಮೇಲಿಂದ ನೂಕಿದಾಗ ಮಿಕ್ ಫೋಲಿ ಎಂಬ ಪೈಲ್ವಾನ ಬಿದ್ದದ್ದು ನಿಜವಾದ ಮೇಜಿನ ಮೇಲೆ.

ಪ್ರಶ್ನೆ: ಟ್ಯೂಬ್‌ಲೈಟ್, ಮುಳ್ಳುತಂತಿ ಇಟ್ಟು ಆಡುವ ಪಂದ್ಯ ನಮ್ಮ ಊರ ಉತ್ಸವದಲ್ಲಿ ಇಟ್ಟುಕೊಳ್ಳಬೇಕೆಂದಿದ್ದೇವೆ. ಎಚ್ಚರಿಕೆ ಏನು ತೆಗೆದುಕೊಳ್ಳಬೇಕು? (ವಿಜಯಪುರ ಜಿಲ್ಲೆಯ ಯುವಕ ಮಂಡಳಿ)

ಉತ್ತರ: ಇಟ್ಟುಕೊಳ್ಳದಿರುವುದೇ ಎಚ್ಚರಿಕೆ. ಕಣ್ಣಿಗೆ ಹೋದ ಗಾಜಿನ ಚೂರು ನನ್ನ ವಿಭಾಗವಲ್ಲ, ಆದರೆ ರಕ್ತದ ಮಾತು ಹೇಳಿಬಿಡುತ್ತೇನೆ. ಆ ಆಟದಲ್ಲಿ ಬೆರಳಸಂದಿಯ ಬ್ಲೇಡ್ ಚೂರಿನಿಂದ ಹಣೆ ಕೊಯ್ದುಕೊಳ್ಳುವ ಪದ್ಧತಿ ಇದೆ. ಅದೇ ಬ್ಲೇಡ್ ಇಬ್ಬರ ಹಣೆಗೆ ಹೋದದ್ದರಿಂದ ಎದುರಾಳಿಗೆ ಹೆಪಟೈಟಿಸ್ ಸಿ ಎಂಬ ಯಕೃತ್ತಿನ ಸೋಂಕು ಅಂಟಿತೆಂದು ಕೆನಡಾದ ಒಂಟಾರಿಯೊ ನ್ಯಾಯಾಲಯ 2014ರಲ್ಲಿ ಅಬ್ದುಲ್ಲಾ ದ ಬುಚರ್ ಎಂಬ ಹೆಸರಾಂತ ಪೈಲ್ವಾನನಿಗೆ ಭಾರೀ ಪರಿಹಾರ ಕಟ್ಟಲು ಹೇಳಿತು. ಸಿದ್ಧೇಶ್ವರ ಜಾತ್ರೆಯ ಹಾಗೆ ಜಂಗಿ ನಿಕಾಲಿ (ಸೋಲು-ಗೆಲುವು ತೀರ್ಮಾನವಾಗುವ) ಕುಸ್ತಿ ಇಡಿ, ಭಾರ ಎತ್ತುವ ಸ್ಪರ್ಧೆ ಇಡಿ. ಜನ ಬರದಿದ್ದರೆ ನನ್ನನ್ನು ಕೇಳಿ.

ಪ್ರಶ್ನೆ: ಲಾಗ ಹಾಕುವಾಗ ಕುತ್ತಿಗೆ ಹಿಡಿದುಕೊಂಡಿತು. ನಮ್ಮ ಕಡೆ ಎಲುಬು ಕೂಡಿಸುವವರೊಬ್ಬರು ಎಣ್ಣೆ ಹಚ್ಚಿ ಲಟಕ್ ಎನಿಸಿದರೆ ಸರಿಹೋಗುತ್ತದಂತೆ. (ಹುಕ್ಕೇರಿ)

ಉತ್ತರ: ಬೇಡವೇ ಬೇಡ. ಕೆಲವು ವರ್ಷದ ಹಿಂದೆ ಬೇಸಿಗೆಯಲ್ಲಿ ನೀರಿಳಿದ ಬಾವಿಗೆ ತಲೆಕೆಳಗಾಗಿ ಹಾರಿದ ಹುಡುಗನೊಬ್ಬನನ್ನು ನಮ್ಮಲ್ಲಿಗೆ ತಂದರು. ಬಾವಿಯಿಂದ ಎತ್ತಿದಾಗ ಕೈಬೆರಳು ಆಡುತ್ತಿದ್ದವು ಎಂದು ಅವನ ಚಿಕ್ಕಪ್ಪನೇ ಹೇಳಿದರು. ದಾರಿಯಲ್ಲಿ ಇಂಥವನೊಬ್ಬನ ಮನೆಗೆ ಒಯ್ದು ಕುತ್ತಿಗೆ ಜಗ್ಗಿಸಿದ್ದರು. ನಮ್ಮ ಬಾಗಿಲಿಗೆ ಬಂದಾಗ ಆಡುತ್ತಿರಲಿಲ್ಲ. ಜಗ್ಗಿದವನು 500 ರೂಪಾಯಿ ತೆಗೆದುಕೊಂಡಿದ್ದ. ಬಿದ್ದವನ ಕುತ್ತಿಗೆ ನೋಯುತ್ತಿದ್ದರೆ, ಕೈಕಾಲು ಜೋಮು ಹಿಡಿದಿದ್ದರೆ ಕೂರಿಸಬೇಡಿ, ನೀರು ಕುಡಿಸಬೇಡಿ, ರಟ್ಟೆ ಹಿಡಿದು ಎಬ್ಬಿಸಬೇಡಿ. ಒಬ್ಬರು ತಲೆಯನ್ನು ಎರಡೂ ಕೈಯಿಂದ ಅಲುಗದಂತೆ ಹಿಡಿದು ಕೂರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಿ. ನಿನಗೆ, ಹುಕ್ಕೇರಿಯ ತಮ್ಮಾ, ಇವತ್ತೇ ಎಕ್ಸ್‌ರೇ.

ಪ್ರಶ್ನೆ: ಜಿಮ್ಮಿನ ಅಣ್ಣ ಮೈ ಬರಲು ಇಂಜೆಕ್ಷನ್ ಕೊಡುತ್ತೇನೆ ಎನ್ನುತ್ತಾರೆ. ನನಗೆ 15. (ಗೋಕಾಕ)

ಉತ್ತರ: ಅದು ಸ್ಟೀರಾಯ್ಡ್. ನಿನ್ನ ಎಲುಬಿನ ಬೆಳವಣಿಗೆ ಬೇಗ ನಿಂತು ಇದ್ದಷ್ಟೇ ಎತ್ತರಕ್ಕೆ ಉಳಿಯುತ್ತೀ. ಆ ಅಣ್ಣನ ವಿಷಯ ನಿಮ್ಮಪ್ಪನಿಗೆ ಹೇಳು.

ಪ್ರಶ್ನೆ: ಕುಸ್ತಿಯಲ್ಲಿ ಕಿವಿ ಜಜ್ಜಿ ಊದಿದೆ, ನಾಲ್ಕು ದಿನವಾಯಿತು. ಕಿವಿ ಮುರಿದರೇ ಪೈಲ್ವಾನ, ಹಾಗೇ ಬಿಡು ಎನ್ನುತ್ತಾರೆ ಗೆಳೆಯರು. (ಜಮಖಂಡಿ)

ಉತ್ತರ: ಒಳಗೆ ರಕ್ತ ತುಂಬಿದೆ. ಅದನ್ನು ತೆಗೆದು ಒತ್ತಿ ಕಟ್ಟದಿದ್ದರೆ ಗಂಟುಗಂಟಾಗಿ ಗಟ್ಟಿಯಾಗುತ್ತದೆ, ಆಮೇಲೆ ಸರಿಪಡಿಸುವುದು ಬಹಳ ಕಷ್ಟ. ಫೋಲಿಯ ಬಲಗಿವಿ 1994ರಲ್ಲಿ ಮ್ಯೂನಿಕ್‌ನಲ್ಲಿ ಹಗ್ಗಕ್ಕೆ ಸಿಕ್ಕಿ ಬಹುಪಾಲು ಹರಿದೇ ಹೋಯಿತು, ಅವನಿಗೆ ಆಯ್ಕೆ ಇರಲಿಲ್ಲ. ನಿನಗೆ ಇನ್ನೂ ಮೂರ್ನಾಲ್ಕು ದಿನ ಇದೆ. ಗೆಳೆಯರನ್ನು ಮನೆಯಲ್ಲಿ ಬಿಟ್ಟು ಕಿವಿ-ಮೂಗು-ಗಂಟಲು ಡಾಕ್ಟರ್ ಹತ್ತಿರ ಹೋಗು. ವಾಸಿಯಾಗುವವರೆಗೆ ಅಖಾಡಕ್ಕೆ ಇಳಿಯಬೇಡ.